ಜಾಗವಿದ್ದೂ ‘ಜಾಗವಿಲ್ಲ’ ಎನ್ನುವ ಸರ್ವರ್

ಪ್ರಶ್ನೆ: ಉಬುಂಟು ಸರ್ವರ್‌ಗೆ ಪ್ಯಾಚ್ ಹಾಕುವಾಗ ಡಿಸ್ಕ್‌ನಲ್ಲಿ ಜಾಗವಿಲ್ಲವೆಂದು ಅರ್ಧಕ್ಕೇ ನಿಂತುಹೋಯಿತು. ಡಿಸ್ಕ್‌ನ ಮುಖ್ಯ ಭಾಗವಾದ ರೂಟ್‌ನಲ್ಲಿ 40 ಜಿಬಿ ಖಾಲಿಯಿದೆ. ಹಳೆಯ ಫೈಲುಗಳನ್ನು ಅಳಿಸಿಬಿಡಲೇ?

ಉತ್ತರ: ಸದ್ಯಕ್ಕೆ ಏನನ್ನೂ ಅಳಿಸಬೇಡಿ. ‘ಡಿಎಫ್ -ಎಚ್’ ಕಮಾಂಡ್ ಕೊಟ್ಟು ತುಂಬಿರುವ ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಯಾವುದೆಂದು ನೋಡಿ. ನಿಮ್ಮ ವಿವರಣೆ ನೋಡಿದರೆ, ಸರ್ವರ್ ಶುರುವಾಗಲು ಬೇಕಾದ ಫೈಲುಗಳಿರುವ ಬೂಟ್ ಪಾರ್ಟಿಷನ್ ಮೇಲೆಯೇ ಅನುಮಾನ. ಅದು ಬೇರೆಯಾಗಿದ್ದರೆ ಎಷ್ಟೋ ಕಡೆ ಕೆಲವು ನೂರು ಎಂಬಿ ಅಷ್ಟೇ ಇರುತ್ತದೆ. ಪ್ರತಿ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಪ್‌ಡೇಟ್‌ಗೂ ಅಲ್ಲಿ ಹೊಸ ಕರ್ನಲ್, ಅದರ ಜೊತೆಗೊಂದು ಇನಿಟ್‌ಆರ್‌ಡಿ (ಬೂಟ್ ಆಗುವ ಆರಂಭದಲ್ಲಿ ಬೇಕಾಗುವ) ಫೈಲ್ ಬಂದು ಕೂರುತ್ತವೆ. ಹಳೆಯ ಇನಿಟ್‌ಆರ್‌ಡಿಯನ್ನು ಮತ್ತೆ ಕಟ್ಟುವಾಗಲೂ ಹೊಸ ಪ್ರತಿ ಪೂರ್ತಿಯಾಗುವ ತನಕ ಎರಡಕ್ಕೂ ಜಾಗ ಬೇಕು.

‘ಯುನೇಮ್ -ಆರ್’ ತೋರಿಸುವುದು ಈಗ ಓಡುತ್ತಿರುವ ಕರ್ನಲ್. ಅದನ್ನು ಮುಟ್ಟಕೂಡದು. ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನ ಆಪ್ಟ್; ‘ಆಪ್ಟ್ ಆಟೋರಿಮೂವ್ --ಪರ್ಜ್’ ಬೇಡದ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ಆದರೆ ಪ್ಯಾಚ್ ಅರ್ಧಕ್ಕೆ ನಿಂತಿರುವುದರಿಂದ ಆಪ್ಟ್ ಡಿಪೆಂಡೆನ್ಸಿ (ಪ್ಯಾಕೇಜುಗಳ ಪರಸ್ಪರ ಅವಲಂಬನೆ) ಸರಿಯಿಲ್ಲವೆಂದು ಹಟ ಹಿಡಿಯಬಹುದು. ಆಗ ತೀರಾ ಹಳೆಯ ಒಂದು ಆವೃತ್ತಿಯ ಇಮೇಜ್, ಮಾಡ್ಯೂಲ್ಸ್, ಮಾಡ್ಯೂಲ್ಸ್-ಎಕ್ಸ್‌ಟ್ರಾ ಪ್ಯಾಕೇಜುಗಳ ಹೆಸರನ್ನು ಒಟ್ಟಿಗೇ, ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿಯ ‘ಡಿಪಿಕೆಜಿ --ಪರ್ಜ್’ಗೆ ಕೊಡಿ, ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬಿಡಿಯಾಗಿ ಕೊಟ್ಟರೆ ಒಪ್ಪದಿರಬಹುದು. ಆಮೇಲೆ ‘ಆಪ್ಟ್ -ಎಫ್ ಇನ್‌ಸ್ಟಾಲ್’ ನಿಂತ ಕೆಲಸವನ್ನು ಮುಗಿಸುತ್ತದೆ. ‘ಆರ್‌ಎಂ’ನಿಂದ ನೇರವಾಗಿ ಅಳಿಸಿದರೆ ಡಿಪಿಕೆಜಿ ಲೆಕ್ಕದಲ್ಲಿ ಪ್ಯಾಕೇಜ್ ಹಾಗೇ ಉಳಿಯುತ್ತದೆ, ತೊಡಕು ಮುಂದಿನ ಪ್ಯಾಚ್‌ಗೆ ವರ್ಗವಾಗುತ್ತದೆ.

ತುಂಬಿರುವುದು ಲಾಗ್, ಕ್ಯಾಶ್‌ಗಳಿರುವ ‘ವಾರ್’ ಆಗಿದ್ದರೆ ‘ಆಪ್ಟ್ ಕ್ಲೀನ್’, ‘ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’ ಸಾಕಾದೀತು. ದೊಡ್ಡ ಲಾಗ್ ಅಳಿಸಿದರೂ ಜಾಗ ಹೆಚ್ಚದಿದ್ದರೆ ಯಾವುದೋ ಸರ್ವಿಸ್ ಆ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿದೆ: ‘ಎಲ್‌ಎಸ್‌ಒಎಫ್ +ಎಲ್1’ ಅದನ್ನು ಹಿಡಿದುಕೊಡುತ್ತದೆ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಎಲ್ಲೆಡೆ ಜಾಗ ಕಾಣುತ್ತಿದ್ದೂ ಅದೇ ಸಂದೇಶ ಬಂದರೆ ‘ಡಿಎಫ್ -ಐ’ ನೋಡಿ. ಲಕ್ಷಾಂತರ ಪುಟ್ಟ ಫೈಲುಗಳು ಐನೋಡ್‌ಗಳನ್ನು (ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆ) ಮುಗಿಸಿರಬಹುದು.

ಪ್ರಶ್ನೆ: ವಿಂಡೋಸ್ ಸರ್ವರ್‌ನಲ್ಲಿ ಸಿಸ್ಟಂ ಫೈಲುಗಳ ಆವೃತ್ತಿಗಳನ್ನು ಇಡುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಬೆಳೆಯುತ್ತಲೇ ಇದೆ. ಅಳಿಸಬಹುದೇ?

ಉತ್ತರ: ಕೈಯಿಂದ ಅಳಿಸಲೇಬಾರದು. ಸರ್ವರ್ ಬೂಟ್ ಆಗದೇ ಹೋಗಬಹುದು. ಎಕ್ಸ್‌ಪ್ಲೋರರ್ ತೋರಿಸುವ ಗಾತ್ರವೂ ಪೂರ್ತಿ ನಿಜವಲ್ಲ, ಹಾರ್ಡ್‌ಲಿಂಕ್‌ಗಳಿಂದಾಗಿ (ಒಂದೇ ಫೈಲ್‌ಗೆ ಇರುವ ಹಲವು ಹೆಸರುಗಳು) ಒಂದೇ ಫೈಲ್ ಎರಡೆರಡು ಕಡೆ ಲೆಕ್ಕಕ್ಕೆ ಬರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ‘ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ಅನಲೈಜ್‌ಕಾಂಪೊನೆಂಟ್‌ಸ್ಟೋರ್’ ಓಡಿಸಿದರೆ ನಿಜವಾದ ಗಾತ್ರ ಸಿಗುತ್ತದೆ. ಕೊನೆಯ ಪದದ ಜಾಗದಲ್ಲಿ ‘ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್’ ಹಾಕಿದರೆ ಹಳೆಯ ಆವೃತ್ತಿಗಳು ಹೋಗುತ್ತವೆ. ‘/ರೀಸೆಟ್‌ಬೇಸ್’ ಸೇರಿಸಿದರೆ ಇನ್ನಷ್ಟು ಜಾಗ ಸಿಕ್ಕೀತು, ಆದರೆ ಈಗಿರುವ ಅಪ್‌ಡೇಟ್‌ಗಳನ್ನು ಮತ್ತೆ ತೆಗೆಯಲಾಗದು. ನಿನ್ನೆಯಷ್ಟೇ ಪ್ಯಾಚ್ ಹಾಕಿದ ಸರ್ವರ್ ಮೇಲೆ ಅದನ್ನು ಪ್ರಯೋಗಿಸಬೇಡಿ.