ಮನೆಯ ಕಂಪ್ಯೂಟರಿನಲ್ಲಿ ವಾಯ್ಸ್ ಅಸಿಸ್ಟೆಂಟ್ ಜನರಿಗೆ ನಿಜವಾಗಿ ಬೇಕಾ?

ಹೆಚ್ಚಿನವರಿಗೆ ಬೇಕಿಲ್ಲ ಅಂತಲೇ ನನ್ನ ಅಭಿಪ್ರಾಯ. ಮಾತು ಕೇಳಿ ಕೆಲಸ ಮಾಡಿಕೊಡುವ ಮೈಕ್ರೋಸಾಫ್ಟಿನ ಅಸಿಸ್ಟೆಂಟ್ ಕೊರ್ಟಾನಾವನ್ನೇ ನೋಡಿ. 2015ರಲ್ಲಿ ವಿಂಡೋಸ್ 10 ಜೊತೆ ಬಂತು, ಟಾಸ್ಕ್‌ಬಾರಿನಲ್ಲೇ ಜಾಗ ಸಿಕ್ಕಿತು. 2021ರ ವಿಂಡೋಸ್ 11ರಲ್ಲಿ ಆ ಜಾಗ ಹೋಯಿತು. 2023ರಲ್ಲಿ ಮೈಕ್ರೋಸಾಫ್ಟ್ ವಿಂಡೋಸಿನ ಕೊರ್ಟಾನಾ ಆ್ಯಪನ್ನೇ ನಿಲ್ಲಿಸಿತು. ಪುಕ್ಕಟೆಯಾಗಿ ಕಣ್ಣೆದುರೇ ಇದ್ದರೂ ಉಳಿಯಲಿಲ್ಲ.

ಕಂಪ್ಯೂಟರ್ ಮುಂದೆ ಕೂತಾಗ ಕೈ ಕೀಬೋರ್ಡ್ ಮೇಲೇ ಇರುತ್ತದೆ ಅಲ್ವಾ? ಫೈಲ್ ತೆರೆಯಲು ಎರಡು ಕ್ಲಿಕ್ ಸಾಕು. ಬಾಯಲ್ಲಿ ಹೇಳಿ, ಅದು ಅರ್ಥ ಮಾಡಿಕೊಳ್ಳುವವರೆಗೆ ಕಾಯುವುದೇ ಜಾಸ್ತಿ ಕೆಲಸ. ಅಡುಗೆಮನೆಯ ಸ್ಮಾರ್ಟ್ ಸ್ಪೀಕರ್ ಹಾಗಲ್ಲ, ಅಲ್ಲಿ ಕೈಗೆಲ್ಲ ಹಿಟ್ಟು ಮೆತ್ತಿರುತ್ತದೆ. ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿದ್ದರೆ ಯಂತ್ರದ ಜೊತೆ ಮಾತಾಡಲು ಮುಜುಗರ ಬೇರೆ. ಮೈಕ್ ಸದಾ ಕಿವಿಗೊಟ್ಟಿರುತ್ತದೆ ಎಂಬ ಅಳುಕೂ ನ್ಯಾಯವಾದದ್ದೇ.

ಹಾಗಂತ ಧ್ವನಿ ಸೌಲಭ್ಯವೇ ಬೇಡ ಅನ್ನಬೇಡಿ. ಕೈ ಆಡಿಸಲು ಕಷ್ಟವಿರುವವರಿಗೆ ಅದು ಸುಮ್ನೆ ಶೋಕಿಯಲ್ಲ, ಕಂಪ್ಯೂಟರ್ ಬಳಸುವ ದಾರಿಯೇ ಅದು. ಮಾತಿನಿಂದಲೇ ಕಂಪ್ಯೂಟರ್ ನಡೆಸುವ ವಿಂಡೋಸ್ 11ರ ವಾಯ್ಸ್ ಆ್ಯಕ್ಸೆಸ್ ಇರುವುದು ಇದಕ್ಕಾಗಿಯೇ. ಒಮ್ಮೆ ಹೊಂದಿಸಿದ ಮೇಲೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ಇನ್ನು ಕನ್ನಡದಲ್ಲಿ ಬರೆಯುವವರಿಗೆ ಅಸಿಸ್ಟೆಂಟ್‌ಗಿಂತ ಧ್ವನಿ ಟೈಪಿಂಗ್ ಹೆಚ್ಚು ಉಪಯೋಗ. ಒತ್ತಕ್ಷರ ಹುಡುಕುತ್ತಾ ಕೂರಬೇಕಿಲ್ಲ. ಗೂಗಲ್ 2017ರಲ್ಲೇ ತನ್ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿಸಿದೆ. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಒತ್ತಿ, ಭಾಷೆ ಕನ್ನಡಕ್ಕೆ ಬದಲಿಸಿ. ನಿಧಾನವಾಗಿ, ಪೂರ್ತಿ ವಾಕ್ಯಗಳಲ್ಲಿ ಹೇಳಿ. ಹೆಸರುಗಳನ್ನು ಮಾತ್ರ ಆಮೇಲೆ ಕೈಯಿಂದ ತಿದ್ದಿಕೊಳ್ಳಿ.