ಕ್ಲಾಟ್ ಕೈಕೊಟ್ಟ ಮೇಲೆ ಯಾವ ಕಾಲೇಜು?

ಹಾವೇರಿ ಜಿಲ್ಲೆಯ ಹುಡುಗಿ. ತಂದೆಗೆ ಬೀಜ, ಗೊಬ್ಬರದ ಅಂಗಡಿ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಜೂನ್ ಮೊದಲ ವಾರ ತಂದೆ, ಮಗಳು ಇಬ್ಬರೂ ಧಾರವಾಡದ ನನ್ನ ಸಲಹಾ ಕೊಠಡಿಗೆ ಬಂದರು. ಆಕೆಗೆ ಬೇಕಿದ್ದದ್ದು ಬೆಂಗಳೂರು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಅಲ್ಲಿ ಶೇ. 25 ಸೀಟುಗಳಿದ್ದರೂ ಆಕೆಯ ಕ್ಲಾಟ್ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ರ‍್ಯಾಂಕ್ ಅದರ ಹತ್ತಿರಕ್ಕೂ ಬರಲಿಲ್ಲ. ಫಲಿತಾಂಶ ಬಂದ ರಾತ್ರಿ ಊಟ ಬಿಟ್ಟಿದ್ದಳಂತೆ.

ಕೈಯಲ್ಲಿ ಉಳಿದದ್ದು ಎರಡು. ಒಂದು, ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯ. ಸೀಟು ಹಿಡಿದಿಡಲು ಹಣ ಕಟ್ಟುವ ಗಡುವಿಗೆ ಐದೇ ದಿನ. ಇನ್ನೊಂದು, ಹುಬ್ಬಳ್ಳಿ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದೇ ಕಾನೂನು ಶಾಲೆ. ಅಲ್ಲಿಗೆ ಪಿಯುಸಿ ಅಂಕಗಳೇ ಸಾಕು.

“ಮೇಡಂ, ಸಾಲ ಮಾಡಿಯಾದರೂ ಬೆಂಗಳೂರಿನಲ್ಲೇ ಓದಿಸುತ್ತೇನೆ. ಇವಳು ನ್ಯಾಯಾಧೀಶೆ ಆಗಬೇಕು” ಎಂದರು ತಂದೆ. ಜೇಬಿನಿಂದ ಅಂಗಡಿಯ ಬಿಲ್ಲೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಮುಂದುಗಡೆ ಗೋವಿನಜೋಳದ ಬೀಜದ ಚೀಲಗಳ ಲೆಕ್ಕ. ಹಿಂದುಗಡೆ ಪೆನ್ಸಿಲ್‌ನಲ್ಲಿ: ಶುಲ್ಕ 15 ಲಕ್ಷ, ಹಾಸ್ಟೆಲ್ 6 ಲಕ್ಷ. ಒಟ್ಟು ಮೊತ್ತದ ಕೆಳಗೆ ಎರಡು ಗೆರೆ. ಬಡ್ಡಿಯ ಸಾಲು ಇರಲಿಲ್ಲ.

ಅದನ್ನು ಅವರ ಎದುರೇ ಸೇರಿಸಿದೆ. ಶುಲ್ಕದ 15 ಲಕ್ಷವನ್ನಷ್ಟೇ ಸಾಲ ತಂದರೂ ಶೇ. 10ರ ಬಡ್ಡಿಯಂತೆ ಹದಿನೈದು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 16 ಸಾವಿರ. ಓದುವಾಗ ಬೆಳೆಯುವ ಬಡ್ಡಿ ಬೇರೆ. ಓದು ಮುಗಿದು ಒಂದು ವರ್ಷಕ್ಕೆ ಸಾಮಾನ್ಯವಾಗಿ ಕಂತು ಶುರುವಾಗುತ್ತದೆ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಲು ಮೂರು ವರ್ಷದ ವಕೀಲಿಕೆ ಕಡ್ಡಾಯ. ಅಂದರೆ ಮಗಳು ಹಿರಿಯ ವಕೀಲರ ಕೈಕೆಳಗೆ ಅಲ್ಪ ಹಣಕ್ಕೆ ಕಡತ ಹೊರುತ್ತಿರುವಾಗಲೇ ಬ್ಯಾಂಕಿನ ನೋಟಿಸು ಬರುತ್ತದೆ. ತಂದೆ ಬಿಲ್ಲನ್ನು ಮತ್ತೆ ಮಡಿಸಿದರು, ಜೇಬಿಗೆ ಹಾಕಲಿಲ್ಲ.

ಆಮೇಲೆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡೆ. “ಹುಬ್ಬಳ್ಳಿಗೆ ಹೋದರೆ ಸೋತು ಹೋದಳು ಎನ್ನುತ್ತಾರೆ” ಎಂದಳು. ಬಹಳ ಹೊತ್ತು ಸುಮ್ಮನಿದ್ದು, “ಬೆಂಗಳೂರಿನಲ್ಲಿ ನಾಲ್ಕು ಜನರ ಎದುರು ಇಂಗ್ಲಿಷ್ ಮಾತನಾಡಲು ನನಗೆ ಬಾಯಿ ಬರುವುದಿಲ್ಲ ಮೇಡಂ. ಅಪ್ಪನಿಗೆ ಹೇಳಬೇಡಿ” ಎಂದಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು.

ಇಲ್ಲಿ ನಾನು ಎಚ್ಚರ ವಹಿಸಬೇಕಿತ್ತು. ಲೆಕ್ಕ ತೋರಿಸಿ ಹುಬ್ಬಳ್ಳಿ ಎಂದುಬಿಡುವುದು ಸುಲಭ. ಆದರೆ ಇಂಗ್ಲಿಷಿಗೆ ಹೆದರಿ ಅಲ್ಲಿಗೆ ಹೋದರೆ ಆ ಹೆದರಿಕೆಯೂ ಅವಳ ಜೊತೆಗೇ ಬಸ್ ಹತ್ತುತ್ತದೆ. ಹಾಗಾಗಿ ಸಲಹೆ ಕೊಡುವ ಮೊದಲು ಕೆಲಸ ಕೊಟ್ಟೆ. ಅಪ್ಪ, ಮಗಳು ಒಂದು ದಿನ ಹಾವೇರಿಯ ಜಿಲ್ಲಾ ನ್ಯಾಯಾಲಯದಲ್ಲಿ, ಇನ್ನೊಂದು ದಿನ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೂರಬೇಕು. ಎರಡೂ ಕಾಲೇಜುಗಳಿಂದ ಬರವಣಿಗೆಯಲ್ಲಿ ಉತ್ತರ ತರಬೇಕು: ಭಾರತೀಯ ವಕೀಲರ ಪರಿಷತ್ತಿನ ಅನುಮೋದನೆ ಈ ವರ್ಷಕ್ಕೂ ಇದೆಯೇ, ಐದೂ ವರ್ಷದ ಶುಲ್ಕ ಎಷ್ಟು, ಬಿಟ್ಟರೆ ಹಣ ವಾಪಸ್ಸು ಉಂಟೇ, ಕಡ್ಡಾಯವಾದ 20 ವಾರಗಳ ತರಬೇತಿಗೆ ಯಾರ ಬಳಿ ಕಳಿಸುತ್ತಾರೆ. ಅನುಮೋದನೆ ಇಲ್ಲದ ಕಡೆ ಓದಿದರೆ ವಕೀಲರಾಗಿ ನೋಂದಣಿಯೇ ಸಿಗುವುದಿಲ್ಲ. ಇದನ್ನು ಕೇಳದೆ ಹಣ ಕಟ್ಟಿದವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ನಾಲ್ಕನೇ ದಿನ ಬಂದರು. ಖಾಸಗಿ ಸಂಸ್ಥೆ ಎಲ್ಲವನ್ನೂ ಫೋನಿನಲ್ಲಿ ಹೇಳಿತು, ಬರೆದು ಕೊಡಲಿಲ್ಲ. ಹುಡುಗಿಗೆ ಅದರ ಪರಿವೆಯೇ ಇರಲಿಲ್ಲ. ಹಾವೇರಿಯಲ್ಲಿ ಹೊಲದ ಪಾಲಿನ ದಾವೆ ನಡೆದಿತ್ತಂತೆ. ವಕೀಲೆಯೊಬ್ಬರು ಕನ್ನಡದಲ್ಲೇ ಪಾಟೀಸವಾಲು ಮಾಡುತ್ತಾ, ಬದು ಯಾವ ದಿಕ್ಕಿಗಿದೆ ಎಂದು ಮುದುಕರೊಬ್ಬರನ್ನು ಕೇಳಿದರಂತೆ. “ಅವರು ಕೇಳುವ ಮೊದಲೇ ಆ ಪ್ರಶ್ನೆ ನನಗೆ ಹೊಳೆದಿತ್ತು ಮೇಡಂ!” ಧಾರವಾಡದಲ್ಲಿ ಮಾತ್ರ ಎಲ್ಲ ಇಂಗ್ಲಿಷ್, ಅರ್ಧ ತಿಳಿಯಲಿಲ್ಲ. ತಿಳಿಯದ 31 ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಆ ಪುಟ ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಹುಬ್ಬಳ್ಳಿಗೆ ಸೇರು ತಂಗಿ ಎಂದೆ. ಕೆಳ ನ್ಯಾಯಾಲಯದಲ್ಲಿ ನಿನ್ನ ಕನ್ನಡವೇ ನಿನ್ನ ಬಲ. ಆದರೆ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೆಂದು ಇಂಗ್ಲಿಷಿನಿಂದ ತಪ್ಪಿಸಿಕೊಳ್ಳಬೇಡ. ದಿನಕ್ಕೆ ಒಂದು ಪುಟ ತೀರ್ಪು ಗಟ್ಟಿಯಾಗಿ ಓದು. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಕನ್ನಡದಲ್ಲೂ ಸಿಗುತ್ತವೆ, ಎರಡನ್ನೂ ಪಕ್ಕದಲ್ಲಿಟ್ಟುಕೋ. ನಾಗರಬಾವಿಯ ಆಸೆ ಆಗಲೂ ಇದ್ದರೆ ಐದು ವರ್ಷದ ನಂತರ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂಗೆ ಮತ್ತೆ ಕ್ಲಾಟ್ ಬರೆಯಬಹುದು. ತಂದೆಗೆ ಹೇಳಿದ್ದು ಇಷ್ಟೇ: ಬೆಂಗಳೂರಿಗೆಂದು ಕೂಡಿಟ್ಟದ್ದನ್ನು ಠೇವಣಿಯಲ್ಲಿಡಿ, ಜೂನಿಯರ್ ಆಗಿರುವ ಆ ಮೂರು ವರ್ಷ ಮಗಳ ಕೈಗೆ ತಿಂಗಳು ತಿಂಗಳು ಕೊಡಿ. ಕೈ ಖಾಲಿ ಎಂದು ಆ ಹೊತ್ತಿಗೆ ವೃತ್ತಿ ಬಿಟ್ಟ ಹೆಣ್ಣುಮಕ್ಕಳು ನನ್ನ ಕೊಠಡಿಗೆ ಬಂದಿದ್ದಾರೆ.

ಇಂಗ್ಲಿಷ್ ಭಯದ ವಿಷಯವನ್ನು ತಂದೆಗೆ ನಾನು ಹೇಳಲಿಲ್ಲ. ವಾಪಸ್ಸು ಹೋಗುವಾಗ ಬಸ್ಸಿನಲ್ಲಿ ಅವಳೇ ಹೇಳಿದಳಂತೆ.

ಮೊದಲ ಸೆಮಿಸ್ಟರ್ ಮುಗಿದಾಗ ಫೋನ್ ಮಾಡಿದಳು. ರಜೆಯಲ್ಲಿ ಹಾವೇರಿಯ ಆ ವಕೀಲೆಯ ಬಳಿಯೇ ತರಬೇತಿಗೆ ಹೋಗುವ ಮನಸ್ಸು; ಪತ್ರ ಹೇಗೆ ಬರೆಯಬೇಕು ಎಂದು ಕೇಳಿದಳು. ಪತ್ರ ಬೇಡ, ಬೆಳಿಗ್ಗೆ ಕೋರ್ಟಿಗೆ ಹೊರಡುವ ಮುಂಚೆ ಅವರ ಕಚೇರಿಗೇ ಹೋಗಿ ಕೇಳು, ಬದುವಿನ ಪ್ರಶ್ನೆಯ ಕಥೆಯನ್ನೂ ಹೇಳು ಎಂದೆ.