ಪ್ರತಿಕ್ರಿಯೆ: ಚೆಕ್ ಭಾಷೆಯಲ್ಲಿ ‘ನನ್ನ ಹತ್ತಿರ ಇಲ್ಲ’

‘ನನ್ನ ಹತ್ತಿರ ದುಡ್ಡಿಲ್ಲ’ ಎನ್ನಲು ‘ಇಲ್ಲ’ ಎಂಬರ್ಥದ ‘ನೆನ್ಯೀ’ಯನ್ನೇ ಬಳಸಬಹುದೇ ಎಂದು ಕೇಳಿದ್ದೀರಿ. ಬಳಸುವಂತಿಲ್ಲ. ನಾವು ದುಡ್ಡನ್ನು ಕರ್ತೃವಾಗಿಸಿ ‘ಇಲ್ಲ’ ಎಂದರೆ, ಚೆಕ್ಕರು ‘ಹೊಂದಿದ್ದೇನೆ’ ಎಂಬರ್ಥದ ‘ಮಾಮ್’ ಕ್ರಿಯಾಪದಕ್ಕೇ ನಿಷೇಧಸೂಚಕ ‘ನೆ’ ಅಂಟಿಸಿ ‘ನೆಮಾಮ್ ಪೆನೀಜೆ’ ಎನ್ನುತ್ತಾರೆ. ಆ ‘ನೆ’ಯನ್ನು ಬಿಡಿಸಿ ಬರೆಯುವುದಿಲ್ಲ, ಉಚ್ಚಾರದ ಒತ್ತೂ ಅದರ ಮೇಲೆಯೇ ಬೀಳುತ್ತದೆ. ಇಲ್ಲದ ವಸ್ತು ದ್ವಿತೀಯಾ ವಿಭಕ್ತಿಯಲ್ಲಿರಬೇಕು: ಸಹೋದರ ‘ಬ್ರಾತರ್’ ಆದರೂ, ಸಹೋದರನಿಲ್ಲ ಎನ್ನುವಾಗ ‘ನೆಮಾಮ್ ಬ್ರಾತ್ರಾ’. ಭವಿಷ್ಯತ್ತಿನಲ್ಲಿ ಮಾತ್ರ ‘ನೆ’ ಸಹಾಯಕ ಕ್ರಿಯಾಪದಕ್ಕೆ ಜಿಗಿದು ‘ನೆಬುದು ಮೀತ್’ (ನನ್ನ ಹತ್ತಿರ ಇರುವುದಿಲ್ಲ) ಆಗುತ್ತದೆ. ನಮ್ಮಂಥವರು ಹೆಚ್ಚು ಎಡವುವುದು ‘ನೆಮಾಮ್ ನಿತ್ಸ್’ ಎಂಬಲ್ಲಿ. ‘ನಿತ್ಸ್’ ಎಂಬುದೇ ‘ಏನೂ ಇಲ್ಲ’ ಎಂಬ ನಿಷೇಧಪದವಾದರೂ ಕ್ರಿಯಾಪದದ ‘ನೆ’ಯನ್ನು ಕೈಬಿಡುವಂತಿಲ್ಲ, ಎರಡು ನಿಷೇಧಗಳು ಸೇರಿ ಹೌದಾಗುವುದೂ ಇಲ್ಲ. ‘ನೆನ್ಯೀ’ಯನ್ನು ‘ಅವನು ಮನೆಯಲ್ಲಿಲ್ಲ’, ‘ಅವನು ವೈದ್ಯನಲ್ಲ’ ಎಂಬಂಥ ವಾಕ್ಯಗಳಿಗೆ ಇಟ್ಟುಕೊಳ್ಳಿ. ನಮ್ಮ ‘ಇಲ್ಲ’, ‘ಅಲ್ಲ’ಗಳ ಭೇದ ಅಲ್ಲಿಲ್ಲ.